ಮಾತ್ರೆ ಬಿಡಿಸುವ ಪ್ರವಚನ ನಿಲ್ಲಲಿ



ಕಳೆದ ಶ್ರಾವಣದಲ್ಲಿ ನಮ್ಮ ಭಾಗದ ಒಂದು ಮಠದಲ್ಲಿ ತಿಂಗಳು ಪೂರ್ತಿ ಪ್ರವಚನ ನಡೆಯಿತು. ನಾನೂ ದಿನ ತಪ್ಪದೆ ಹೋಗುತ್ತಿದ್ದೆ. ಒಂದು ಸಂಜೆ ಪ್ರವಚನಕಾರರು ಮನೋರೋಗದ ಮಾತು ತೆಗೆದರು. "ಅಂಗೈಯಲ್ಲಿ ಲಿಂಗ ಇರುವಾಗ ಅಂಗಡಿಯ ಗುಳಿಗೆ ಏಕೆ? ಮನಸ್ಸಿನ ರೋಗಕ್ಕೆ ಮಾತ್ರೆ ನುಂಗುವವನಿಗೆ ಲಿಂಗದಲ್ಲಿ ನಿಷ್ಠೆ ಇಲ್ಲ" ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನು ತಟ್ಟಲಿಲ್ಲ. ಆದರೆ ಎದ್ದು ನಿಂತು ಪ್ರಶ್ನಿಸಲೂ ಇಲ್ಲ.

ನನ್ನ ಹಿಂದಿನ ಸಾಲಿನಲ್ಲಿ ಒಬ್ಬ ತಾಯಿ ಇಪ್ಪತ್ತೆರಡು ವರ್ಷದ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಆ ಹುಡುಗ ಎರಡು ವರ್ಷದಿಂದ ಮಾತ್ರೆ ತೆಗೆದುಕೊಂಡು, ತಂದೆಯ ಕಿರಾಣಿ ಅಂಗಡಿಯಲ್ಲಿ ಕುಳಿತು ಲೆಕ್ಕ ಬರೆಯುತ್ತಿದ್ದ. ದೀಪಾವಳಿಯ ಹೊತ್ತಿಗೆ ಅವನು ಅನ್ನದಲ್ಲಿ ವಿಷ ಬೆರೆಸಿದ್ದಾರೆಂದು ತಾಯಿ ಇಟ್ಟ ತಟ್ಟೆಯನ್ನು ಎಸೆಯುತ್ತಿದ್ದ. ಮಾತ್ರೆ ಯಾವಾಗ ನಿಂತಿತು ಎಂದು ಆ ತಾಯಿಯನ್ನು ಕೇಳಿದೆ. "ಮಠದಾಗ ಹೇಳಿದ್ರಲ್ರೀ ಯಜಮಾನ್ರ, ಆವತ್ತ ಬಿಡಿಸಿಬಿಟ್ಟೆ" ಎಂದರು.

ಈ ಲೇಖನ ಆ ಚಪ್ಪಾಳೆಯ ವಿರುದ್ಧ. ಆ ಸಂಜೆ ಸುಮ್ಮನೆ ಕುಳಿತ ನನ್ನ ವಿರುದ್ಧವೂ ಹೌದು.

ನಾನು ವೈದ್ಯನಲ್ಲ. ಸಿವಿಲ್ ಇಂಜಿನಿಯರಿಂಗ್ ಓದಿ ನೀರಾವರಿ ಇಲಾಖೆಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತನಾದವನು. ಈ ವಿಷಯದಲ್ಲಿ ಬಾಯಿ ತೆರೆಯುವ ಹಕ್ಕು ನನಗೆ ಬಂದದ್ದು ನನ್ನ ತಮ್ಮನಿಂದ.

ಕೀಲಿಕೈ ನನ್ನ ಜೇಬಿನಲ್ಲಿತ್ತು

1986ರ ಬೇಸಿಗೆ. ತಮ್ಮ ಬಿ.ಕಾಂ. ಕೊನೆಯ ವರ್ಷದಲ್ಲಿದ್ದ, ವಯಸ್ಸು ಇಪ್ಪತ್ತೊಂದು. ಮೊದಲು ನಿದ್ದೆ ಹೋಯಿತು, ಆಮೇಲೆ ಗೆಳೆಯರು ದೂರವಾದರು, ಸ್ನಾನ ಮತ್ತು ಪೂಜೆ ಎರಡೂ ತಪ್ಪಿದವು. ಒಂದು ರಾತ್ರಿ ನನ್ನನ್ನು ಎಬ್ಬಿಸಿ, "ಅಣ್ಣಾ, ಮಾಳಿಗಿ ಮ್ಯಾಲೆ ಕುಂತು ನನ್ನ ಸುದ್ದಿ ಮಾತಾಡಾಕ ಹತ್ಯಾರ, ನಿನಗ ಕೇಳಸೂದಿಲ್ಲೇನು?" ಎಂದ. ಅವ್ವ ಗಾಳಿ ಸೋಂಕು ಎಂದಳು. ಸೋದರಮಾವ ಯಾರೋ ಮಾಟ ಮಾಡಿಸಿದ್ದಾರೆ ಎಂದ. ನಾನು ಪರೀಕ್ಷೆಯ ಭಯ ಎಂದೆ. ಮೂವರ ಮಾತೂ ತಪ್ಪು. ಆದರೆ ಮೂವರಲ್ಲಿ ಪದವಿ ಪಡೆದವನು ನಾನೊಬ್ಬನೇ.

ಮೂರೂವರೆ ವರ್ಷ ಅಮಾವಾಸ್ಯೆ ತಪ್ಪಿಸದೆ ಗದ್ದುಗೆಯಿಂದ ಗದ್ದುಗೆಗೆ ಕರೆದುಕೊಂಡು ತಿರುಗಿದೆವು. ಭಸ್ಮ, ತಾಯಿತ, ಐದು ಅಮಾವಾಸ್ಯೆಯ ಹರಕೆ, ನಿಂಬೆಹಣ್ಣು. ಒಂದು ಕಡೆ ಹನ್ನೊಂದು ದಿನ ಅವನ ಕಾಲಿಗೆ ಸರಪಳಿ ಹಾಕಿ ಕಂಬಕ್ಕೆ ಕಟ್ಟಿದರು. ರಾತ್ರಿ ಎದ್ದು ಓಡಿಹೋಗದಿರಲಿ ಎಂದು ನಾನೇ ಒಪ್ಪಿದ್ದೆ. ಬೀಗದ ಕೀಲಿಕೈ ನನ್ನ ಜೇಬಿನಲ್ಲಿತ್ತು. ಹಗಲು ಕಾಲುವೆಯ ಲೆವೆಲ್ ನೋಡಿ, ಸಂಜೆ ತಮ್ಮನ ಬೀಗ ನೋಡಿ ಬರುತ್ತಿದ್ದೆ.

1990ರ ಆರಂಭದಲ್ಲಿ ನಮ್ಮ ಕಾಲುವೆ ಶಿಬಿರಕ್ಕೆ ಬರುತ್ತಿದ್ದ ಸರ್ಕಾರಿ ವೈದ್ಯರೊಬ್ಬರು ಅವನನ್ನು ಕಂಡು, "ಇದು ಕಾಯಿಲೆ, ಇದಕ್ಕೆ ಔಷಧ ಇದೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ?" ಎಂದು ಕೇಳಿದರು. ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಸೇರಿಸಿದೆವು. ಎರಡು ತಿಂಗಳಾದ ಮೇಲೆ ತಮ್ಮ ತಾನಾಗಿಯೇ ನನ್ನ ಬಳಿ ಬಂದು, "ಅಣ್ಣಾ, ಅವರು ಸುಮ್ಮನಾಗ್ಯಾರ" ಎಂದ. ಧ್ವನಿಗಳು ಹೋದವು. ಹೋದ ವರ್ಷಗಳು ಮಾತ್ರ ಬರಲಿಲ್ಲ. ಪದವಿ ಮುಗಿಯಲಿಲ್ಲ, ಮದುವೆ ಆಗಲಿಲ್ಲ, ಮೊದಲಿನ ಚುರುಕು ಮರಳಲಿಲ್ಲ.

ಮುಂದೆ ಓದುತ್ತ ಹೋದಾಗ ನನಗೆ ತಿಳಿದ ಒಂದು ಸಂಗತಿ ಇಂದಿಗೂ ನಿದ್ದೆ ಕೆಡಿಸುತ್ತದೆ. 1985ರಿಂದ 1990ರವರೆಗೆ, ಅಂದರೆ ನಾನು ತಮ್ಮನನ್ನು ಗದ್ದುಗೆಗಳಿಗೆ ಎಳೆದಾಡಿದ ಅವೇ ವರ್ಷಗಳಲ್ಲಿ, ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಸಂಸ್ಥೆ ಒಂದು ದೊಡ್ಡ ಪ್ರಯೋಗ ನಡೆಸುತ್ತಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟು, ಹಳ್ಳಿಯ ಮಟ್ಟದಲ್ಲೇ ಇಂಥ ರೋಗಿಗಳಿಗೆ ಮಾತ್ರೆ ಕೊಡಿಸುತ್ತಿತ್ತು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿ ಪ್ರಯೋಗವೇ ಮಾದರಿ. ದೇಶಕ್ಕೆ ದಾರಿ ತೋರಿಸಿದ ಕೆಲಸ ನಮ್ಮ ರಾಜ್ಯದಲ್ಲೇ ನಡೆಯುತ್ತಿದ್ದಾಗ ನಾನು ನಿಂಬೆಹಣ್ಣು ಕೊಳ್ಳುತ್ತಿದ್ದೆ.

ಇದು ಏನು ಕಾಯಿಲೆ?

ಸ್ಕಿಜೋಫ್ರೇನಿಯಾ ಎಂಬ ಹೆಸರನ್ನು ಸ್ವಿಟ್ಜರ್‌ಲೆಂಡಿನ ವೈದ್ಯ ಬ್ಲಾಯ್ಲರ್ 1908ರಲ್ಲಿ ಕೊಟ್ಟರು. ಕನ್ನಡ ಪುಸ್ತಕಗಳಲ್ಲಿ ಚಿತ್ತವಿಕಲತೆ ಎಂದು ಬರೆಯುತ್ತಾರೆ. ಇಲ್ಲದ ಧ್ವನಿ ಕೇಳುವುದು, ಯಾರೋ ಕೊಲ್ಲಲು ಹೊಂಚು ಹಾಕಿದ್ದಾರೆಂಬ ಅಲುಗದ ನಂಬಿಕೆ, ಮಾತಿನ ತಾಳ ತಪ್ಪುವುದು, ಆಮೇಲೆ ಉತ್ಸಾಹ ಬತ್ತಿ ಮೂಲೆ ಸೇರುವುದು ಇದರ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ಸುಮಾರು 2.4 ಕೋಟಿ ಜನರಿಗೆ, ಅಂದರೆ 300 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ. ಮೂರು ಸಾವಿರ ಜನಸಂಖ್ಯೆಯ ನಿಮ್ಮ ಊರಿಗೆ ಇದನ್ನು ಅನ್ವಯಿಸಿ ನೋಡಿ. ಹತ್ತು ಮನೆಗಳ ಹೆಸರು ನಿಮಗೇ ಹೊಳೆದಾವು.

ನಮ್ಮವರು ಇದಕ್ಕೆ ಪೂರ್ವಜನ್ಮದ ಪಾಪ ಎನ್ನುತ್ತಾರೆ, ಇಲ್ಲವೆ ಆ ಮನೆತನದ ದೋಷ ಎನ್ನುತ್ತಾರೆ. ಬಸವಾದಿ ಶರಣರ ಹೆಸರು ಹೇಳುವವರ ಬಾಯಲ್ಲಿ ಪೂರ್ವಜನ್ಮದ ಪಾಪ ಎಂಬ ಮಾತೇ ಬರಬಾರದಿತ್ತು. ಅದಿರಲಿ, ವಿಜ್ಞಾನ ಏನು ಕಂಡಿದೆ ನೋಡೋಣ. 2022ರಲ್ಲಿ ಹಲವು ದೇಶಗಳ ಸಂಶೋಧಕರು ಸೇರಿ 76,755 ರೋಗಿಗಳ ಮತ್ತು 2,43,649 ಇತರರ ವಂಶವಾಹಿಗಳನ್ನು ಹೋಲಿಸಿದರು. ಈ ಕಾಯಿಲೆಯೊಂದಿಗೆ ನಂಟಿರುವ 287 ಜಾಗಗಳು ಸಿಕ್ಕವು. ಒಂದೊಂದರ ಪಾಲೂ ಅತ್ಯಲ್ಪ. ಅವುಗಳಲ್ಲಿ ಹಲವು ನನ್ನಲ್ಲೂ ಇವೆ, ನಿಮ್ಮಲ್ಲೂ ಇವೆ, ಆ ಪ್ರವಚನಕಾರರಲ್ಲೂ ಇವೆ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆ ಬಂದರೆ ಇನ್ನೊಬ್ಬರಿಗೆ ಬರುವುದು ಹೆಚ್ಚೆಂದರೆ ಅರ್ಧದಷ್ಟು ಸಲ. ಹಾಗಾದರೆ ಕುಲದ ದೋಷ ಎಂದು ಯಾವ ಮನೆಯ ಬಾಗಿಲಿಗೆ ಬೆರಳು ತೋರಿಸುತ್ತೀರಿ?

ವಯಸ್ಸಿನ ಪ್ರಶ್ನೆಗೂ ಸುಳಿವು ಸಿಕ್ಕಿದೆ. ಬೆಳೆಯುವ ವಯಸ್ಸಿನಲ್ಲಿ ಮಿದುಳು ತನ್ನ ನರಕೋಶಗಳ ನಡುವಿನ ಹೆಚ್ಚುವರಿ ಬೆಸುಗೆಗಳನ್ನು ಕತ್ತರಿಸಿ ಹಾಕುತ್ತದೆ, ತೋಟಗಾರ ಗಿಡದ ರೆಂಬೆ ಸವರಿದ ಹಾಗೆ. 2016ರಲ್ಲಿ ಅಮೆರಿಕದ ಹಾರ್ವರ್ಡ್ ಸಂಶೋಧಕರು ಸಿ4 ಎಂಬ ವಂಶವಾಹಿಯ ಕೆಲವು ರೂಪಗಳು ಈ ಕಾಯಿಲೆಯ ಅಪಾಯ ಹೆಚ್ಚಿಸುತ್ತವೆ ಎಂದು ತೋರಿಸಿದರು. ಆ ವಂಶವಾಹಿಗೆ ಈ ಸವರುವ ಕೆಲಸದಲ್ಲಿ ಪಾಲಿದೆ. ಸವರುವುದು ಅತಿಯಾದರೆ ಕಾಯಿಲೆಗೆ ದಾರಿಯಾಗಬಹುದು ಎಂಬುದು ಅವರ ಊಹೆ. ಕಾಲೇಜು ವಯಸ್ಸಿನ ಮಕ್ಕಳನ್ನೇ ಇದು ಹಿಡಿಯುವುದೇಕೆ ಎಂಬುದಕ್ಕೆ ಇದು ಪೂರ್ಣ ಉತ್ತರವಲ್ಲ. ಆದರೆ ಮಾಟದವನು ಪಿ.ಯು. ಪರೀಕ್ಷೆ ಮುಗಿಯುವವರೆಗೆ ಕಾಯುತ್ತಾನೆ ಎಂಬ ಉತ್ತರಕ್ಕಿಂತ ಮೇಲು.

ಇನ್ನೊಂದು ಸಂಗತಿಯನ್ನು ತಾಯಂದಿರು ಗಮನಿಸಬೇಕು. ದಾಲ್ಮಾವ್ ಎಂಬ ವೈದ್ಯ ಮತ್ತು ಸಂಗಡಿಗರು 2007ರಲ್ಲಿ ಒಂದು ರೋಗವನ್ನು ಗುರುತಿಸಿದರು. ದೇಹದ ರೋಗನಿರೋಧಕ ಶಕ್ತಿಯೇ ಮಿದುಳಿನ ಮೇಲೆ ತಿರುಗಿಬೀಳುತ್ತದೆ. ಹೆಚ್ಚಾಗಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಿಗೆ ಬರುತ್ತದೆ. ಹುಡುಗಿ ದಿಢೀರನೆ ಚೀರುತ್ತಾಳೆ, ಇಲ್ಲದ್ದನ್ನು ಕಾಣುತ್ತಾಳೆ, ಬಾಯಿ ಮತ್ತು ಕೈಕಾಲು ವಿಚಿತ್ರವಾಗಿ ಆಡಿಸುತ್ತಾಳೆ, ಫಿಟ್ಸ್ ಬರುತ್ತದೆ. ನಮ್ಮೂರಿನಲ್ಲಿ ನೋಡಿದವರೆಲ್ಲ ದೆವ್ವ ಎಂದೇ ಹೇಳುತ್ತಾರೆ. ಸಕಾಲಕ್ಕೆ ಆಸ್ಪತ್ರೆಯಲ್ಲಿ ಪತ್ತೆಯಾದರೆ ಬಹುಪಾಲು ರೋಗಿಗಳು ಚೇತರಿಸಿಕೊಳ್ಳುತ್ತಾರೆ. ತಡವಾದರೆ ಜೀವಕ್ಕೇ ಅಪಾಯ. ಅಂಥ ಹುಡುಗಿಯನ್ನು ಮೂರು ಅಮಾವಾಸ್ಯೆ ಕಾಯಿಸಿದವರಿಗೆ ನಾವು ಏನೆಂದು ಹೆಸರಿಡಬೇಕು?

ಬಸಿ ನೀರಿನ ಪಾಠ

ಮಣ್ಣಿನ ಅಣೆಕಟ್ಟಿನ ಕೆಳಭಾಗದಲ್ಲಿ ಸ್ವಲ್ಪ ನೀರು ಬಸಿಯುವುದು ಸಹಜ. ಬಸಿ ನೀರು ತಿಳಿಯಾಗಿದ್ದರೆ ಅಳತೆ ಬರೆದುಕೊಂಡು ನಿಗಾ ಇಡುತ್ತೇವೆ. ಕದಡಿ ಬಂದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಎಂದರ್ಥ, ಆಗ ಅದೇ ರಾತ್ರಿ ಕೆಲಸ ಆಗಬೇಕು. ನಾಳೆ ನೋಡೋಣ ಎಂದ ಇಂಜಿನಿಯರ್ ನಾಡಿದ್ದು ಒಡ್ಡನ್ನೇ ಕಾಣುವುದಿಲ್ಲ. ಈ ಕಾಯಿಲೆಯ ಸಂಶೋಧನೆಯಲ್ಲಿ ಕಳೆದ ಮೂರು ದಶಕಗಳ ಮುಖ್ಯ ಪಾಠವೂ ಇದೇ. ಲಕ್ಷಣ ಕಾಣಿಸಿದ ದಿನದಿಂದ ಚಿಕಿತ್ಸೆ ಸಿಕ್ಕ ದಿನದವರೆಗಿನ ಅಂತರ ಹೆಚ್ಚಿದಷ್ಟೂ ಚೇತರಿಕೆ ಕಡಿಮೆ.

ನಾರ್ವೆ ದೇಶದ ಒಂದು ಪ್ರಾಂತ್ಯದಲ್ಲಿ ಪತ್ರಿಕೆ, ರೇಡಿಯೋ, ಶಾಲೆಗಳ ಮೂಲಕ ಜನರಿಗೆ ಈ ಲಕ್ಷಣಗಳನ್ನು ತಿಳಿಸಿ, ಕರೆ ಬಂದೊಡನೆ ಹೋಗಿ ನೋಡುವ ತಂಡ ಕಟ್ಟಿದರು. ಅಲ್ಲಿ ಈ ಅಂತರದ ಮಧ್ಯಮ ಅಳತೆ 5 ವಾರ. ಅಂಥ ಪ್ರಚಾರವಿಲ್ಲದ ಪ್ರದೇಶಗಳಲ್ಲಿ 16 ವಾರ. ಹತ್ತು ವರ್ಷಗಳ ನಂತರ ಹುಡುಕಿ ನೋಡಿದಾಗ, ಬೇಗ ಪತ್ತೆ ಮಾಡಿದ ಪ್ರದೇಶದಲ್ಲಿ ಚೇತರಿಸಿಕೊಂಡವರ ಪ್ರಮಾಣ ಸುಮಾರು ದುಪ್ಪಟ್ಟು ಇತ್ತು. ಅಮೆರಿಕದ 21 ರಾಜ್ಯಗಳ 34 ಚಿಕಿತ್ಸಾಲಯಗಳಲ್ಲಿ 404 ಜನರ ಮೇಲೆ ನಡೆದ ಅಧ್ಯಯನದ ಫಲ 2015ರಲ್ಲಿ ಬಂತು. ಮಾತ್ರೆಯ ಜೊತೆಗೆ ಮನೆಯವರಿಗೆ ತಿಳಿವಳಿಕೆ, ಆಪ್ತ ಸಲಹೆ, ಓದು ಮತ್ತು ಕೆಲಸಕ್ಕೆ ನೆರವು ಎಲ್ಲ ಸೇರಿಸಿ ಕೊಟ್ಟಾಗ ಫಲ ಹೆಚ್ಚು ಸಿಕ್ಕಿತು. ಅದರಲ್ಲೂ ಬೇಗ ಬಂದವರಿಗೆ ಬಹಳ ಹೆಚ್ಚು ಸಿಕ್ಕಿತು.

ನನ್ನ ತಮ್ಮನ ಅಂತರ ನೂರಾ ಎಂಬತ್ತು ವಾರ. ಇದನ್ನು ಬರೆಯುವಾಗ ಕೈ ನಡುಗುತ್ತದೆ.

ಆಸ್ಪತ್ರೆ ದೂರ, ಔಷಧ ದುಬಾರಿ ಎಂದು ಹೇಳುವ ಕಾಲವೂ ಹೋಯಿತು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ವೈದ್ಯರು ಹಳ್ಳಿಹಳ್ಳಿ ಹುಡುಕಿ, ಎಂದೂ ಔಷಧ ಕಾಣದ ರೋಗಿಗಳನ್ನೂ ಔಷಧ ಪಡೆದವರನ್ನೂ ಹೋಲಿಸಿ ನೋಡಿದ್ದಾರೆ. ಔಷಧ ಪಡೆದವರ ದುಡಿಮೆ, ಸ್ವಂತ ಆರೈಕೆ, ಮನೆಯವರೊಂದಿಗಿನ ಒಡನಾಟ ಸುಧಾರಿಸಿತು. ಪಡೆಯದವರ ಅಸಹಾಯಕತೆ ಹಾಗೆಯೇ ಉಳಿಯಿತು. ಇದು ಯೂರೋಪಿನ ಮಾತಲ್ಲ, ಶಿವಮೊಗ್ಗ ಜಿಲ್ಲೆಯ ಮಾತು. ಹೀಗಿದ್ದೂ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಕಂಡದ್ದೇನು? ಇಂಥ ತೀವ್ರ ಕಾಯಿಲೆ ಇರುವ ನಾಲ್ವರಲ್ಲಿ ಮೂವರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಆ ಮೂವರು ಎಲ್ಲಿದ್ದಾರೆ ಎಂದು ಅಮಾವಾಸ್ಯೆಯ ದಿನ ನಮ್ಮ ಗದ್ದುಗೆಗಳ ಮುಂದಿನ ಸಾಲು ನೋಡಿದರೆ ಗೊತ್ತಾಗುತ್ತದೆ.

ನನಗೆ ಬರುವ ನಾಲ್ಕು ಆಕ್ಷೇಪಗಳು

ಒಂದು, "ಮಠಕ್ಕೆ ಬಂದು ಗುಣವಾದವರು ಇದ್ದಾರೆ." ಇದ್ದಾರೆ, ನಾನು ಅಲ್ಲಗಳೆಯುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ತಜ್ಞರೇ ತಮಿಳುನಾಡಿನ ಮುತ್ತುಸ್ವಾಮಿ ದೇವಾಲಯದಲ್ಲಿ ತಂಗಿದ್ದ 31 ರೋಗಿಗಳನ್ನು ಪರೀಕ್ಷಿಸಿ 2002ರಲ್ಲಿ ವರದಿ ಪ್ರಕಟಿಸಿದರು. ಕೆಲವು ವಾರಗಳಲ್ಲಿ ಲಕ್ಷಣಗಳ ಅಳತೆ ಸುಮಾರು 20ರಷ್ಟು ಶೇಕಡಾ ಇಳಿದಿತ್ತು. ಆದರೆ ಆ ವರದಿಯನ್ನು ಪೂರ್ತಿ ಓದಬೇಕು. ಯಾವ ವಿಶೇಷ ಮಂತ್ರವಿಧಿಯೂ ಇರಲಿಲ್ಲ. ಮನೆಯವರು ಜೊತೆಗಿದ್ದರು, ದೇವಾಲಯದ ಸಣ್ಣಪುಟ್ಟ ಕೆಲಸವಿತ್ತು, ಬೈಗುಳ ಹೊಡೆತ ಇರಲಿಲ್ಲ. ಗುಣ ಕೊಟ್ಟದ್ದು ಆ ನೆಮ್ಮದಿ ಎಂದು ಅವರು ಬರೆದರು. ಔಷಧವಿಲ್ಲದೆ ಹಾಗೆಯೇ ಇಟ್ಟ ಇನ್ನೊಂದು ಗುಂಪಿನೊಂದಿಗೆ ಅಲ್ಲಿ ಹೋಲಿಕೆಯೂ ಇರಲಿಲ್ಲ. ಈ ಕಾಯಿಲೆಗೆ ಏರಿಳಿತವಿದೆ. ಏರಿದಾಗ ಜನ ಮಠಕ್ಕೆ ಓಡುತ್ತಾರೆ, ಇಳಿದಾಗ ಮಠಕ್ಕೆ ಕೀರ್ತಿ ಬರುತ್ತದೆ. ಪ್ರವಾಹ ತುದಿ ಮುಟ್ಟಿದ ದಿನ ಬಾಗಿನ ಕೊಟ್ಟವನು ಮರುದಿನ ನೀರು ಇಳಿದದ್ದು ತನ್ನಿಂದ ಎನ್ನಬಹುದು, ನಮ್ಮ ಗೇಜಿನ ಪುಸ್ತಕ ಹಾಗೆ ಹೇಳುವುದಿಲ್ಲ.

ಎರಡು, "ಇದು ಔಷಧ ಕಂಪನಿಗಳ ವ್ಯಾಪಾರ. ಮಾತ್ರೆ ತಿಂದವರು ಮಂಕಾಗುತ್ತಾರೆ." ಅಡ್ಡಪರಿಣಾಮ ಇರುವುದು ನಿಜ. ಕೈ ನಡುಕ, ಮಂಪರು, ತೂಕ, ಸಕ್ಕರೆ ಕಾಯಿಲೆ, ಎಲ್ಲವನ್ನೂ ನಾನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಆದರೆ ಬಿಟ್ಟರೆ ಏನಾಗುತ್ತದೆ? 65 ಪ್ರಯೋಗಗಳ, ಸುಮಾರು 6,500 ರೋಗಿಗಳ ಲೆಕ್ಕವನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟಿಸಿದ್ದಾರೆ. ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಮಾತ್ರೆ ಮುಂದುವರಿಸಿದ 100 ಜನರಲ್ಲಿ 27 ಜನರಿಗೆ, ಹುಸಿಮಾತ್ರೆ ಪಡೆದ 100 ಜನರಲ್ಲಿ 64 ಜನರಿಗೆ. ಮಾತ್ರೆಗಳ ಬಗ್ಗೆ ಬಹುಕಾಲದಿಂದ ಸಂಶಯ ವ್ಯಕ್ತಪಡಿಸುತ್ತ ಬಂದ ಇಂಗ್ಲೆಂಡಿನ ವೈದ್ಯೆ ಜೊವಾನಾ ಮಾಂಕ್ರೀಫ್ ತಾವೇ ಮುಂದಾಗಿ, ಪ್ರಮಾಣವನ್ನು ನಿಧಾನವಾಗಿ ಇಳಿಸಿ ನೋಡುವ ಪ್ರಯೋಗ ನಡೆಸಿದರು. ಫಲ 2023ರಲ್ಲಿ ಬಂತು. ಎರಡು ವರ್ಷದ ಕೊನೆಗೆ ಇಳಿಸಿದವರ ಸಾಮಾಜಿಕ ಬದುಕು ಹೆಚ್ಚೇನೂ ಸುಧಾರಿಸಿರಲಿಲ್ಲ, ಮರುಕಳಿಸುವಿಕೆ ಹೆಚ್ಚಾಗಿತ್ತು. ಆಕೆ ಅದನ್ನು ಮುಚ್ಚಿಡದೆ ಪ್ರಕಟಿಸಿದರು. ತನ್ನ ನಂಬಿಕೆಗೆ ವಿರುದ್ಧವಾದ ಫಲವನ್ನು ಬಹಿರಂಗವಾಗಿ ಒಪ್ಪುವ ಆ ಪ್ರಾಮಾಣಿಕತೆಗೆ ಅನುಭವ ಮಂಟಪದಲ್ಲಿ ಜಾಗವಿತ್ತು ಎಂದು ನಾನು ನಂಬುತ್ತೇನೆ. ಪ್ರಮಾಣ ಇಳಿಸಬೇಕೆ, ಬೇರೆ ಔಷಧ ಬೇಕೆ ಎಂಬುದನ್ನು ವೈದ್ಯರ ಎದುರು ಕುಳಿತು ಕೇಳಿ. 1952ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಔಷಧ ಬಳಕೆಗೆ ಬಂದಾಗಿನಿಂದ ಬಹುತೇಕ ಎಲ್ಲವೂ ಮಿದುಳಿನ ಡೋಪಮಿನ್ ಎಂಬ ರಾಸಾಯನಿಕದ ಬಾಗಿಲನ್ನೇ ತಡೆಯುತ್ತಿದ್ದವು. 2024ರ ಸೆಪ್ಟೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಹೊಸ ಔಷಧ ಬೇರೆ ಬಾಗಿಲಿನಿಂದ ಕೆಲಸ ಮಾಡುತ್ತದೆ. ಅದು ಪವಾಡವಲ್ಲ. ಆದರೆ ವಿಜ್ಞಾನ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತ ನಡೆದಿದೆ. ತಾಯಿತ ಎಷ್ಟು ಬಾರಿ ತಿದ್ದಿಕೊಂಡಿದೆ?

ಮೂರು, "ಇದು ಪಶ್ಚಿಮದ ರೋಗ, ನಮ್ಮ ಸಂಸ್ಕೃತಿಯಲ್ಲಿ ಇದು ಬೇರೆ." ಅಮೆರಿಕದ ಕ್ಯಾಲಿಫೋರ್ನಿಯ, ಘಾನಾ ದೇಶದ ಅಕ್ರಾ, ನಮ್ಮ ಚೆನ್ನೈ, ಈ ಮೂರು ಕಡೆ ತಲಾ 20 ರೋಗಿಗಳನ್ನು ಮಾನವಶಾಸ್ತ್ರಜ್ಞೆ ಲೂರ್‌ಮನ್ ಮತ್ತು ಸಂಗಡಿಗರು ಮಾತಾಡಿಸಿದ್ದಾರೆ. ಅಮೆರಿಕದವರಿಗೆ ಕೇಳುವ ಧ್ವನಿಗಳಲ್ಲಿ ಹಿಂಸೆ ಹೆಚ್ಚು. ಚೆನ್ನೈನ ಹಲವರಿಗೆ ಬಂಧುಗಳದೇ ಧ್ವನಿ, ಮನೆಗೆಲಸ ಮಾಡು, ಸ್ನಾನ ಮಾಡು ಎಂಬ ಆಜ್ಞೆ. ಸಂಸ್ಕೃತಿ ಧ್ವನಿಯ ಮಾತನ್ನು ಬದಲಿಸುತ್ತದೆ, ಕಾಯಿಲೆಯನ್ನು ಅಳಿಸುವುದಿಲ್ಲ. ನಮ್ಮ ಅವಿಭಕ್ತ ಕುಟುಂಬದಿಂದ ರೋಗಿಗೆ ಆಸರೆ ಸಿಕ್ಕರೆ ಅದು ಹೆಮ್ಮೆಯೇ. ಆದರೆ ಆಸರೆ ಎಂದರೆ ಅನ್ನ, ಮಾತು ಮತ್ತು ಮಾತ್ರೆ. ಕಂಬ ಮತ್ತು ಸರಪಳಿ ಅಲ್ಲ.

ನಾಲ್ಕು, "ಮರುಳಶಂಕರದೇವರನ್ನೂ ಜನ ಹುಚ್ಚ ಎಂದರಲ್ಲವೇ? ಹುಚ್ಚನಲ್ಲಿ ಶರಣನಿರಬಹುದು." ಶೂನ್ಯಸಂಪಾದನೆಯ ಆ ಪ್ರಸಂಗವನ್ನು ನಾನೂ ಭಕ್ತಿಯಿಂದ ಓದಿದ್ದೇನೆ. ಅದರಿಂದ ನಾನು ಕಲಿತದ್ದು ಬೇರೆ. ವರ್ಷಗಟ್ಟಲೆ ಮಹಾಮನೆಯ ಅಂಗಳದಲ್ಲೇ ಇದ್ದ ಒಬ್ಬ ಮನುಷ್ಯನನ್ನು ಯಾರೂ ತಿರುಗಿ ನೋಡಿರಲಿಲ್ಲ, ಅಲ್ಲಮಪ್ರಭುಗಳು ನೋಡಿದರು. ಅಲ್ಲಿ ಪ್ರಶ್ನೆ ನಮ್ಮ ಕಣ್ಣಿನದು. ಬಳಲುತ್ತಿರುವ ಹುಡುಗನನ್ನು ಅವಧೂತ ಎಂದು ಪೂಜಿಸಿ ಮೂಲೆಗೆ ಕೂರಿಸುವುದೂ, ಹುಚ್ಚ ಎಂದು ಕಲ್ಲೆಸೆಯುವುದೂ ಒಂದೇ. ಎರಡೂ ಅವನನ್ನು ನೋಡದಿರುವ ಉಪಾಯಗಳು. ಕಲ್ಯಾಣದಲ್ಲಿ ವೈದ್ಯ ಸಂಗಣ್ಣ ಎಂಬ ಶರಣರಿದ್ದರು. ವೈದ್ಯವೇ ಅವರ ಕಾಯಕ. ಲಿಂಗ ಸಾಕು, ನಿನ್ನ ಔಷಧ ಬೇಡ ಎಂದು ಅವರನ್ನು ಯಾರೂ ಅನುಭವ ಮಂಟಪದಿಂದ ಹೊರಗೆ ಕಳಿಸಲಿಲ್ಲ.

ತಾಯಿತವಾದ ಲಿಂಗ

ಈಗ ಮನೆಯೊಳಗಿನ ಮಾತು. ಪಂಚಾಂಗ, ಶಕುನ, ಮುಹೂರ್ತ, ಕ್ಷುದ್ರದೈವಗಳ ವಿರುದ್ಧದ ವಚನಗಳು ನಮ್ಮ ಮಕ್ಕಳಿಗೂ ಬಾಯಿಪಾಠ. ಹಾಗೆ ಬಿಟ್ಟೆವೆಂದು ಹೇಳಿಕೊಂಡ ನಾವೇ ಇಷ್ಟಲಿಂಗವನ್ನು ತಾಯಿತದ ಜಾಗದಲ್ಲಿ ಕೂರಿಸುತ್ತಿದ್ದೇವೆ. ಇಷ್ಟಲಿಂಗ ಅರಿವಿನ ಕುರುಹು. ಅದನ್ನು ಮಾತ್ರೆಯ ಎದುರಾಳಿ ಮಾಡಿದವರು ಅದನ್ನು ಒಂದು ಗುಳಿಗೆಯ ಮಟ್ಟಕ್ಕೆ ಇಳಿಸಿದ್ದಾರೆ. ಪ್ರವಚನಕಾರರೇ, ನಿಮ್ಮ ರಕ್ತದೊತ್ತಡದ ಮಾತ್ರೆಯನ್ನು ನೀವು ಬೆಳಿಗ್ಗೆ ಪೂಜೆಯ ನಂತರ ತೆಗೆದುಕೊಳ್ಳುವುದನ್ನು ನಾನು ಕಂಡಿದ್ದೇನೆ. ಅದರಿಂದ ನಿಮ್ಮ ನಿಷ್ಠೆಗೆ ಕುಂದು ಬಂದಿಲ್ಲ. ಆ ಹುಡುಗನಿಗೆ ಮಾತ್ರ ಏಕೆ ಈ ಪರೀಕ್ಷೆ?

ನಮ್ಮ ಮಠಗಳು ವೈದ್ಯಕೀಯ ಕಾಲೇಜು ನಡೆಸುತ್ತಿವೆ. ಅಲ್ಲಿ ಮನೋವೈದ್ಯ ವಿಭಾಗವಿದೆ. ಅದೇ ಸಮಾಜದ ಗದ್ದುಗೆಗಳ ಮುಂದೆ ಅಮಾವಾಸ್ಯೆಯಂದು ಕೈಕಟ್ಟಿದ ಮಕ್ಕಳ ಸಾಲು ಇದೆ. ಒಂದು ಕೈಯಿಂದ ಎಂ.ಡಿ. ಪದವಿ, ಇನ್ನೊಂದು ಕೈಯಿಂದ ಮಂತ್ರಿಸಿದ ನಿಂಬೆಹಣ್ಣು ಕೊಡುವ ಸಮಾಜ ನುಡಿದಂತೆ ನಡೆಯುವ ಸಮಾಜ ಹೇಗಾದೀತು?

ಸಾಮೂಹಿಕ ವಿವಾಹಗಳಲ್ಲಿ ಇನ್ನೊಂದು ಅನ್ಯಾಯ ನಡೆಯುತ್ತಿದೆ. "ಮದುವಿ ಮಾಡಿದ್ರ ಸರಿ ಹೋಗ್ತದ" ಎಂದು ಕಾಯಿಲೆಯನ್ನು ಮುಚ್ಚಿಟ್ಟು ಅಕ್ಷತೆ ಹಾಕುತ್ತಾರೆ. ಮದುವೆ ಔಷಧವಲ್ಲ, ಮದುವಣಗಿತ್ತಿ ನರ್ಸ್ ಅಲ್ಲ. ಚಿಕಿತ್ಸೆ ಪಡೆದು ಚೇತರಿಸಿಕೊಂಡವರು, ಎರಡೂ ಕಡೆಯವರಿಗೆ ತಿಳಿಸಿ ಮದುವೆಯಾಗಲಿ, ಆಶೀರ್ವದಿಸೋಣ. ಮುಚ್ಚಿಟ್ಟ ಮದುವೆಗೆ ಮಠದ ಆಶೀರ್ವಾದ ಬೇಡ.

ಸರಪಳಿಯ ಬಗ್ಗೆ ಒಂದೇ ಮಾತು. 2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ಎರ್ವಾಡಿಯಲ್ಲಿ, ದರ್ಗಾಕ್ಕೆ ಬಂದ ರೋಗಿಗಳನ್ನು ಇರಿಸಿದ್ದ ಖಾಸಗಿ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದ 28 ಜನ ಓಡಲಾರದೆ ಸುಟ್ಟುಹೋದರು. ಅದು ದರ್ಗಾ, ನಮಗೇನು ಎನ್ನಬೇಡಿ. ನನ್ನ ತಮ್ಮನ ಕಂಬದ ಪಕ್ಕದಲ್ಲೂ ದೀಪ ಉರಿಯುತ್ತಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೆಯ ಕಲಂ ಯಾವ ರೀತಿಯ ಸರಪಳಿಯನ್ನೂ ನಿಷೇಧಿಸಿದೆ.

ಮಠಗಳಲ್ಲಿ ನನ್ನ ಬಿನ್ನಹ

ಮಠದ ಮೇಲೆ ನನಗೆ ಸಿಟ್ಟಿಲ್ಲ. ತಮ್ಮನನ್ನು ಕೊನೆಗೆ ಉಳಿಸಿಕೊಂಡದ್ದೂ ಒಂದು ಮಠವೇ. ಮಾತ್ರೆ ಆರಂಭಿಸಿದ ಮೇಲೆ ಅಲ್ಲಿನ ಹಿರಿಯ ಪೂಜ್ಯರು ಅವನಿಗೆ ದಾಸೋಹದ ಉಗ್ರಾಣದ ಲೆಕ್ಕ ಒಪ್ಪಿಸಿದರು. ಇಪ್ಪತ್ತಾರು ವರ್ಷ ಅಕ್ಕಿ, ಜೋಳ, ಬೇಳೆಯ ಲೆಕ್ಕ ಒಂದು ಸೇರೂ ತಪ್ಪದಂತೆ ಬರೆದ. ರಾತ್ರಿ ಪ್ರಸಾದವಾದ ಮೇಲೆ ಪೂಜ್ಯರು, "ಗುಳಿಗಿ ತಗೊಂಡ್ಯೇನಪ್ಪಾ?" ಎಂದು ಕೇಳದೆ ಮಲಗುತ್ತಿರಲಿಲ್ಲ. ಅವರು ಯಾವ ಸಂಶೋಧನೆಯನ್ನೂ ಓದಿರಲಿಲ್ಲ. ಗೋವಾ, ಮಹಾರಾಷ್ಟ್ರ, ತಮಿಳುನಾಡುಗಳಲ್ಲಿ 282 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದೂ ಅದನ್ನೇ. ವೈದ್ಯರ ಚಿಕಿತ್ಸೆಯ ಜೊತೆಗೆ, ತರಬೇತಿ ಪಡೆದ ಊರಿನವರೇ ಮನೆಗೆ ಬಂದು ವಿಚಾರಿಸಿಕೊಂಡರೆ ರೋಗಿಯ ಸ್ಥಿತಿ ಇನ್ನಷ್ಟು ಸುಧಾರಿಸುತ್ತದೆ.

2019ರಲ್ಲಿ, ಐವತ್ತನಾಲ್ಕನೆಯ ವಯಸ್ಸಿಗೆ, ತಮ್ಮ ಹೃದಯಾಘಾತದಿಂದ ಲಿಂಗೈಕ್ಯನಾದ. ಈ ಕಾಯಿಲೆಯವರ ಆಯುಸ್ಸು ಇತರರಿಗಿಂತ ಹತ್ತರಿಂದ ಇಪ್ಪತ್ತು ವರ್ಷ ಕಡಿಮೆ ಎಂದೂ, ಅದಕ್ಕೆ ದೊಡ್ಡ ಕಾರಣ ಹೃದಯ, ಸಕ್ಕರೆ ಮೊದಲಾದ ದೇಹದ ರೋಗಗಳೇ ಎಂದೂ ನಾನು ಓದಿದ್ದು ಅವನು ಹೋದ ಮೇಲೆ. ತಲೆಯ ಕಾಯಿಲೆ ಒಂದನ್ನೇ ನೋಡುತ್ತ ಅವನ ರಕ್ತದ ಸಕ್ಕರೆಯನ್ನು ನಾವು ಒಮ್ಮೆಯೂ ಪರೀಕ್ಷೆ ಮಾಡಿಸಿರಲಿಲ್ಲ. ಇದು ನನ್ನ ಎರಡನೆಯ ತಪ್ಪು.

ಆದ್ದರಿಂದ ಪೂಜ್ಯರಲ್ಲಿ ಐದು ಬಿನ್ನಹ.

1. ಯಾವ ವೇದಿಕೆಯಿಂದಲೂ ಮಾತ್ರೆ ಬಿಡಿ ಎಂಬ ಮಾತು ಬರಬಾರದು. ವೈದ್ಯರನ್ನು ಕೇಳದೆ ಬಿಡಬೇಡಿ ಎಂಬ ಮಾತು ಪ್ರತಿ ಶ್ರಾವಣದಲ್ಲಿ ಒಮ್ಮೆಯಾದರೂ ಬರಬೇಕು. ನಾರ್ವೆಯವರು ಪತ್ರಿಕೆ, ರೇಡಿಯೋಗಳಿಂದ ಮಾಡಿದ ಕೆಲಸವನ್ನು ನಮ್ಮ ಒಂದು ಪ್ರವಚನ ಮಾಡಬಲ್ಲದು.

2. ಮಹಾದ್ವಾರದಲ್ಲಿ 14416 ಎಂಬ ಸಂಖ್ಯೆಯ ಫಲಕ ಹಾಕಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನವನ್ನೂ ವಿಚಾರಿಸಿ ಅದರ ಕೆಳಗೆ ಬರೆಸಿ.

3. ಮಠದ ಆವರಣದಲ್ಲಿ ಸರಪಳಿ, ಹಗ್ಗ, ಹೊಡೆತ ಯಾರ ಹೆಸರಿನಲ್ಲೂ ಬೇಡ.

4. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಪ್ರಾರ್ಥನೆಯ ಜೊತೆಗೇ ವೈದ್ಯರು ಕುಳಿತು ಔಷಧ ಕೊಡುವ ದವಾ-ದುವಾ ಏರ್ಪಾಡು ಇದೆ. ಅಮಾವಾಸ್ಯೆಯ ಜನಸಂದಣಿಗೆ ನಮ್ಮ ಮಠಗಳ ವೈದ್ಯಕೀಯ ಕಾಲೇಜುಗಳಿಂದ ಒಬ್ಬ ಮನೋವೈದ್ಯರನ್ನು ಕಳಿಸುವುದು ಕಷ್ಟವೇ? ಬಂದವರು ಗದ್ದುಗೆಗೂ ನಮಸ್ಕರಿಸಲಿ, ವೈದ್ಯರ ಮೇಜಿಗೂ ಹೋಗಲಿ.

5. ಚೇತರಿಸಿಕೊಂಡವರಿಗೆ ದಾಸೋಹ, ಗ್ರಂಥಾಲಯ, ತೋಟದಲ್ಲಿ ಕಾಯಕ ಕೊಡಿ, ತಕ್ಕ ಸಂಬಳವನ್ನೂ ಕೊಡಿ. ಆರು ತಿಂಗಳಿಗೊಮ್ಮೆ ಅವರ ಸಕ್ಕರೆ, ರಕ್ತದೊತ್ತಡ ನೋಡಿಸಿ.

ಆ ತಾಯಿಯ ಮನೆಗೆ ಕಾರ್ತಿಕ ಮಾಸದಲ್ಲಿ ನಾನೇ ಹೋಗಿ, ಹುಡುಗನನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದೆ. ಮಾತ್ರೆ ಮತ್ತೆ ಶುರುವಾಗಿದೆ. ಅಂಗಡಿಯಲ್ಲಿ ಅವನು ಇನ್ನೂ ಕೂತಿಲ್ಲ, ತಟ್ಟೆ ಎಸೆಯುವುದು ನಿಂತಿದೆ. ಮುಂದಿನ ಶ್ರಾವಣಕ್ಕೆ ಅದೇ ಪ್ರವಚನಕಾರರು ಬರುತ್ತಾರೆಂದು ಕೇಳಿದ್ದೇನೆ. ನಾನೂ ಹೋಗಿ ಮುಂದಿನ ಸಾಲಿನಲ್ಲೇ ಕೂರುತ್ತೇನೆ. ಅದೇ ಮಾತು ಮತ್ತೆ ಬಂದರೆ ಈ ಸಲ ಎದ್ದು ನಿಲ್ಲುತ್ತೇನೆ. ನಿಮ್ಮ ಊರಿನಲ್ಲಿ ನೀವೂ ಎದ್ದು ನಿಲ್ಲಿ.